ಬಾಣಗಾರನ ಮಗ

ಮಲೆನಾಡಿನವರು ಹೊಸನಗರ ತಾಲ್ಲೂಕಿನ ಹಳೆಯ ಕೋಟೆಯ ಊರನ್ನು ನಗರವೆಂದಷ್ಟೇ ಕರೆಯುತ್ತಾರೆ. ಅದರ ಮೊದಲಿನ ಹೆಸರು ಬಿದನೂರು. 1763ರಲ್ಲಿ ಅದನ್ನು ಗೆದ್ದುಕೊಂಡ ಹೈದರಾಲಿಯು ಅದಕ್ಕೆ ಹೈದರ್‌ನಗರವೆಂದು ತನ್ನ ಹೆಸರನ್ನೇ ಇಟ್ಟನು. ಕಾಲ ಸರಿದಂತೆ ಗೆದ್ದವನ ಹೆಸರು ಕಳಚಿಬಿದ್ದು, ನಗರವೆಂಬ ಉತ್ತರಪದ ಮಾತ್ರ ಜನರ ಬಾಯಲ್ಲಿ ಉಳಿದುಕೊಂಡಿತು. ಮುಂದೆ ತಾಲ್ಲೂಕಿನ ಕಚೇರಿಗಳು ಬೇರೊಂದು ಊರಿಗೆ ಹೋದಾಗ ಆ ಊರು ಹೊಸನಗರವಾಯಿತು. ಹೀಗಾಗಿ, ಹೊಸನಗರದ ಹೆಸರೆತ್ತುವವರೆಲ್ಲರೂ ಅರಿತೋ ಅರಿಯದೆಯೋ ಹೈದರನಿಟ್ಟ ಹೆಸರಿನ ಅರ್ಧವನ್ನು ಇಂದಿಗೂ ಉಚ್ಚರಿಸುತ್ತಿದ್ದಾರೆ.

ಆ ನಗರದ ನೆಲವು ಈಚಿನ ವರ್ಷಗಳಲ್ಲಿ ಅವನ ಮನೆತನದ ಇನ್ನೊಂದು ನೆನಪನ್ನು ಹೊರಗೆಡಹಿದೆ. 2002ರಲ್ಲಿ ಅಲ್ಲಿಯ ಒಂದು ಬಾವಿಯ ಹೂಳೆತ್ತುವಾಗ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ನೂರಕ್ಕೂ ಮಿಕ್ಕಿ ದೊರೆತವು. ಮೊದಲು ಅವನ್ನು ಫಿರಂಗಿಯ ಗುಂಡುಗಳೆಂದೇ ಎಣಿಸಲಾಗಿತ್ತು. 2018ರ ಜುಲೈ ತಿಂಗಳಲ್ಲಿ ಪುರಾತತ್ತ್ವ ಇಲಾಖೆಯವರು ಬತ್ತಿದ ಬಾವಿಯೊಂದನ್ನು ಅಗೆಸಿದಾಗ ಅಂಥ ಕೊಳವೆಗಳು ಸಾವಿರಕ್ಕೂ ಹೆಚ್ಚಾಗಿ ರಾಶಿ ರಾಶಿಯಾಗಿ ಸಿಕ್ಕವು. ಬಾವಿಯ ಮಣ್ಣಿನಲ್ಲಿ ಕೋವಿಮದ್ದಿನ ವಾಸನೆ ಇನ್ನೂ ಇತ್ತು. ಒಂದೊಂದರ ಉದ್ದ ಒಂಬತ್ತು ಹತ್ತು ಅಂಗುಲ. ಮೈಸೂರಿನ ಸೈನ್ಯದವರು ಬಾಣವೆಂದು ಕರೆಯುತ್ತಿದ್ದ, ಇಂದಿನ ಜಗತ್ತು ರಾಕೆಟ್ ಎಂದು ಕರೆಯುವ ಆಯುಧದ ಒಡಲುಗಳು ಅವು. ಟಿಪ್ಪು ಸುಲ್ತಾನನ ಕಾಲದಲ್ಲಿ ಯುದ್ಧಕ್ಕೆಂದು ಕೂಡಿಟ್ಟವು ಅವು ಎಂಬುದು ಇಲಾಖೆಯ ತಜ್ಞರ ಮತ. ಆದರೆ ಬಾಣದ ಕಥೆ ಟಿಪ್ಪುವಿನಿಂದ ಮೊದಲಾಗುವುದಿಲ್ಲ. ಅದು ಅವನ ತಂದೆಯಿಂದ, ಇನ್ನೂ ಸರಿಯಾಗಿ ಹೇಳುವುದಾದರೆ ಅವನ ಅಜ್ಜನಿಂದ ಮೊದಲಾಗುತ್ತದೆ.

ಕೋಲಾರ ಸೀಮೆಯ ಬೂದಿಕೋಟೆಯಲ್ಲಿ 1720ರ ಸುಮಾರಿಗೆ ಹೈದರನು ಹುಟ್ಟಿದನು. ಹುಟ್ಟಿದ ವರ್ಷದ ವಿಷಯದಲ್ಲಿ ಚರಿತ್ರಕಾರರು ಒಮ್ಮತಕ್ಕೆ ಬಂದಿಲ್ಲ; ರಾಜನ ಮನೆಯಲ್ಲಿ ಹುಟ್ಟದವನ ಜಾತಕವನ್ನು ಬರೆದಿಡುವವರು ಯಾರು? ತಂದೆ ಫತೇ ಮಹಮ್ಮದನು ಆರ್ಕಾಟಿನ ನವಾಬನ ಸೇವೆಯಲ್ಲಿದ್ದಾಗ ಐವತ್ತು ಮಂದಿ ಬಾಣಗಾರರ ತುಕಡಿಗೆ ನಾಯಕನಾಗಿದ್ದನು. ಅಂದಿನ ಬಾಣವೆಂದರೆ ಬಹುಮಟ್ಟಿಗೆ ಬಿದಿರಿನದು. ಉತ್ಸವಗಳಲ್ಲಿ ಹಾರಿಸುವ ಬಿರುಸಿನ ಅಣ್ಣನೆಂದು ಅದನ್ನು ಹೇಳಬಹುದು. ದೂರದ ದಳಕ್ಕೆ ಸನ್ನೆ ಕೊಡಲು, ಶತ್ರುವಿನ ಕುದುರೆಗಳನ್ನು ಬೆದರಿಸಲು ಅದು ಬಳಕೆಯಾಗುತ್ತಿತ್ತೇ ಹೊರತು, ಕಾಳಗದ ಗೆಲವು ಸೋಲುಗಳನ್ನು ತೀರ್ಮಾನಿಸುವ ಶಕ್ತಿ ಅದಕ್ಕೆ ಇದೆಯೆಂದು ಯಾರೂ ಭಾವಿಸಿರಲಿಲ್ಲ.

ಹೈದರನು ಇನ್ನೂ ಎಳೆಯನಾಗಿದ್ದಾಗಲೇ ತಂದೆ ಯುದ್ಧದಲ್ಲಿ ಮಡಿದನು. ಸತ್ತವನ ಸಾಲವನ್ನು ಅವನ ಹೆಂಡಿರು ಮಕ್ಕಳಿಂದ ವಸೂಲು ಮಾಡಲು ಹೊರಟ ಅಧಿಕಾರಿಗಳು ದೊಡ್ಡಬಳ್ಳಾಪುರದಲ್ಲಿ ಆ ಕುಟುಂಬವನ್ನು ಸೆರೆಯಿಟ್ಟರು. ತಾಯಿ ಬಚ್ಚಿಟ್ಟಿರಬಹುದಾದ ಹಣವನ್ನು ಹೊರಡಿಸಲು ಹೈದರ್ ಮತ್ತು ಅವನ ಅಣ್ಣ ಶಹಬಾಜ್ ಇಬ್ಬರನ್ನೂ ನಗಾರಿಯೊಳಗೆ ಹಾಕಿ, ಮೇಲೆ ಚರ್ಮ ಬಿಗಿದು ಬಾರಿಸಿದರೆಂದು ಕರ್ನಲ್ ವಿಲ್ಕ್ಸನು ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ. ಮೈಸೂರಿನ ಸೇವೆಯಲ್ಲಿದ್ದ ಬಂಧುವೊಬ್ಬನ ನೆರವಿನಿಂದ ಅವರಿಗೆ ಬಿಡುಗಡೆಯಾಯಿತು. ಶಾಲೆಗೆ ಹೋಗುವ ವಯಸ್ಸು ಹೀಗೆ ಕಳೆಯಿತು. ಓದುಬರಹ ಅವನಿಗೆ ಒದಗಲೇ ಇಲ್ಲ. ಬಹಳ ಪ್ರಯಾಸಪಟ್ಟು ಅವನು ಕಲಿತದ್ದು ಪಾರಸಿ ಲಿಪಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವೊಂದನ್ನು. ಅದನ್ನೂ ತಿರುಗುಮುರುಗಾಗಿ ಬರೆಯುತ್ತಿದ್ದನೆಂದು ಹೇಳುತ್ತಾರೆ. ಆದರೆ ಕನ್ನಡ, ತೆಲುಗು, ತಮಿಳು, ಮರಾಠಿಗಳನ್ನು ಹಿಂದುಸ್ತಾನಿಯಷ್ಟೇ ಸರಾಗವಾಗಿ ಆಡಬಲ್ಲವನಾಗಿದ್ದನು. ಒಮ್ಮೆ ಕೇಳಿದುದನ್ನು ಮರೆಯುತ್ತಿರಲಿಲ್ಲ. ಕಾಗದ ಅವನ ಕೈಗೆ ಸಿಕ್ಕದೆ ಹೋದುದರಿಂದ ಮನುಷ್ಯರನ್ನೂ ವಸ್ತುಗಳನ್ನೂ ನೇರವಾಗಿ ಓದುವ ವಿದ್ಯೆ ಅವನಿಗೆ ಸಿದ್ಧಿಸಿತು.

1749ರಲ್ಲಿ ಮೈಸೂರಿನ ಸೈನ್ಯವು ದೇವನಹಳ್ಳಿಯ ಕೋಟೆಯನ್ನು ಮುತ್ತಿದಾಗ ಅವನು ಮೊದಲ ಬಾರಿಗೆ ಹಿರಿಯರ ಕಣ್ಣಿಗೆ ಬಿದ್ದನು. ಮೈಸೂರಿನ ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದ ನಂಜರಾಜಯ್ಯನು ಅವನ ಸಾಹಸಕ್ಕೆ ಮೆಚ್ಚಿ ಐವತ್ತು ಕುದುರೆ, ಇನ್ನೂರು ಕಾಲಾಳುಗಳ ನಾಯಕತ್ವವನ್ನು ಕೊಟ್ಟನು. ಮರುವರ್ಷ ನಾಸಿರ್ ಜಂಗನ ಕೊಲೆಯಾಗಿ ಅವನ ಪಾಳೆಯದಲ್ಲಿ ಗೊಂದಲವೆದ್ದಾಗ, ಬಂಗಾರದ ನಾಣ್ಯ ಹೇರಿದ್ದ ಒಂಟೆಗಳು ಹೈದರನ ಪಾಲಿಗೆ ಬಂದವು. ಆ ಹಣದಿಂದ ಅವನು ಸೈನಿಕರನ್ನೂ ಕೋವಿಗಳನ್ನೂ ಸಂಪಾದಿಸಿದನು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ ಮೇಲೆ ಪುದುಚೇರಿಯ ಫ್ರೆಂಚರಿಂದ ನಿಪುಣ ಕೆಲಸಗಾರರನ್ನು ಕರೆಸಿಕೊಂಡು ಫಿರಂಗಿ, ಮದ್ದುಗುಂಡುಗಳ ಕಾರ್ಖಾನೆಯನ್ನು ತೆರೆದನು. ಇದು ಗಮನಿಸತಕ್ಕ ಸಂಗತಿ. ಅಂದಿನ ಸರದಾರರಲ್ಲಿ ಹೆಚ್ಚಿನವರು ಆಯುಧಗಳನ್ನು ಕೊಂಡುಕೊಳ್ಳುತ್ತಿದ್ದರು, ಇಲ್ಲವೆ ಕಸಿದುಕೊಳ್ಳುತ್ತಿದ್ದರು. ಇವನು ಮಾಡುವವರನ್ನೇ ಹತ್ತಿರ ಇಟ್ಟುಕೊಂಡನು.

ಏಳಿಗೆಯ ದಾರಿ ನೇರವಾಗಿರಲಿಲ್ಲ. ಅವನು ತಾನೇ ಮೇಲೆ ತಂದ ಖಂಡೇರಾಯನು 1760ರ ಆಗಸ್ಟಿನಲ್ಲಿ ಅರಮನೆಯೊಡನೆ ಸೇರಿ ಅವನ ಮೇಲೆ ತಿರುಗಿಬಿದ್ದನು. ಹೈದರನು ಹೆಂಡತಿ ಮಕ್ಕಳನ್ನೂ ಫಿರಂಗಿಗಳನ್ನೂ ಶ್ರೀರಂಗಪಟ್ಟಣದಲ್ಲಿಯೇ ಬಿಟ್ಟು, ತುಂಬಿದ ಕಾವೇರಿಯನ್ನು ರಾತ್ರಿಯಲ್ಲಿ ದಾಟಿ ಬೆಂಗಳೂರಿಗೆ ಓಡಬೇಕಾಯಿತು. ಮರುವರ್ಷವೇ ಅವನು ಮರಳಿ ಬಂದು ಎಲ್ಲವನ್ನೂ ಗೆದ್ದುಕೊಂಡನು. ಖಂಡೇರಾಯನು ಪಂಜರದಲ್ಲಿ ಹಾಲು ಅನ್ನ ತಿಂದು ದಿನ ಕಳೆಯುವ ಗಿಳಿಯಾದನು. ಒಡೆಯರ ಸಿಂಹಾಸನವನ್ನು ಹೈದರನು ಮುಟ್ಟಲಿಲ್ಲ. ಅರಸರು ಅರಮನೆಯಲ್ಲಿದ್ದರು, ದಸರೆಯಲ್ಲಿ ಪ್ರಜೆಗಳಿಗೆ ದರ್ಶನ ಕೊಟ್ಟರು. ರಾಜ್ಯ ಮಾತ್ರ ಸರ್ವಾಧಿಕಾರಿಯಾದ ಹೈದರನ ಕೈಯಲ್ಲಿತ್ತು. ಅಧಿಕಾರ ಬಂದಿತು, ಆದರೆ ಬೊಕ್ಕಸ ಬರಿದಾಗಿತ್ತು. ಅದನ್ನು ತುಂಬಿದ್ದು ಮಲೆನಾಡು.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಇಂದು ಹಂಚಿಹೋಗಿರುವ ನೆಲವು ಕೆಳದಿಯ ಅರಸರ ರಾಜ್ಯದ ಹೃದಯವಾಗಿತ್ತು. ಅವರ ಮೂಲಸ್ಥಾನವಾದ ಕೆಳದಿಯೂ ಎರಡನೆಯ ರಾಜಧಾನಿಯಾದ ಇಕ್ಕೇರಿಯೂ ಸಾಗರದ ಸಮೀಪದಲ್ಲಿವೆ. ಹದಿನೇಳನೆಯ ಶತಮಾನದಲ್ಲಿ ರಾಜಧಾನಿಯು ಕಾಡು ಬೆಟ್ಟಗಳ ಮರೆಯ ಬಿದನೂರಿಗೆ ಬಂದಿತು. ಅದಕ್ಕೂ ಹಿಂದೆ ಸರಿದು ನಿಲ್ಲಲು ತೀರ್ಥಹಳ್ಳಿಯ ಕಡೆ ಕವಲೇದುರ್ಗದ ಬೆಟ್ಟವಿತ್ತು. ಭೂಮಿಯ ಫಲವನ್ನು ನೋಡಿ ಕಂದಾಯ ಗೊತ್ತುಮಾಡಿದ ಶಿವಪ್ಪನಾಯಕನ ಶಿಸ್ತು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿಯ ಧೈರ್ಯ, ಇವು ಆ ಮನೆತನದ ಹಿರಿಮೆಗೆ ಸಾಕ್ಷಿಗಳು. ಘಟ್ಟದ ಮೇಲಿನ ಮೆಣಸು, ಅಡಕೆ, ಅಕ್ಕಿ ಘಟ್ಟವಿಳಿದು ಕರಾವಳಿಯ ಬಂದರುಗಳಿಗೆ ಹೋಗುತ್ತಿದ್ದವು. ಹೊನ್ನು ಘಟ್ಟವೇರಿ ಬಿದನೂರಿಗೆ ಬರುತ್ತಿತ್ತು.

ಆ ರಾಜ್ಯವನ್ನು ರಾಣಿ ವೀರಮ್ಮಾಜಿ ಆಳುತ್ತಿದ್ದ ಕಾಲದಲ್ಲಿ, ಸಿಂಹಾಸನಕ್ಕೆ ತಾನೇ ಹಕ್ಕುದಾರನೆಂದು ಹೇಳಿಕೊಂಡವನೊಬ್ಬನನ್ನು ಮುಂದಿಟ್ಟುಕೊಂಡು ಹೈದರನು 1763ರ ಮೊದಲ ತಿಂಗಳುಗಳಲ್ಲಿ ಬಿದನೂರಿನ ಮೇಲೆ ನಡೆದನು. ರಾಣಿಯು ಹಣ ಕೊಟ್ಟು ಅವನನ್ನು ಹಿಂದಿರುಗಿಸಲು ಯತ್ನಿಸಿದಳು. ಅವನು ಒಪ್ಪಲಿಲ್ಲ. ಕುಂಸಿಯಲ್ಲಿ ಸೆರೆಯಿದ್ದ ಹಳೆಯ ಮಂತ್ರಿ ಲಿಂಗಣ್ಣನು ಕಾಡಿನೊಳಗಿನ ಗುಪ್ತ ದಾರಿಯೊಂದನ್ನು ತೋರಿಸಿಕೊಟ್ಟನೆಂದು ವಿಲ್ಕ್ಸನು ಹೇಳುತ್ತಾನೆ. ಊರಿನ ಕಾವಲುಗಂಡಿಗಳ ಎದುರು ಸೈನ್ಯವು ಕಾದಾಟದ ನಟನೆ ನಡೆಸುತ್ತಿದ್ದಾಗ ಹೈದರನು ಆ ದಾರಿಯಿಂದ ಊರೊಳಗೆ ಬಂದಿದ್ದನು. ರಾಣಿಯು ಅರಮನೆಗೆ ಬೆಂಕಿಯಿಡಿಸಿ ಬಲ್ಲಾಳರಾಯನದುರ್ಗಕ್ಕೆ ಹೋದಳು. ಹೈದರನು ಬೆಂಕಿ ಆರಿಸಿ, ಅರಮನೆಗೂ ಶ್ರೀಮಂತರ ಮನೆಗಳಿಗೂ ತನ್ನ ಮುದ್ರೆ ಹಾಕಿಸಿದನು. ಅಲ್ಲಿ ಅವನಿಗೆ ದೊರೆತ ಸಂಪತ್ತಿನ ಮೊತ್ತವನ್ನು ಕುರಿತು ಚರಿತ್ರಕಾರರು ವಾದಿಸುತ್ತಲೇ ಇದ್ದಾರೆ. ತನ್ನ ಮುಂದಿನ ಹಿರಿಮೆಗೆಲ್ಲ ಬಿದನೂರೇ ತಳಹದಿಯೆಂದು ಹೈದರನೇ ಹೇಳಿಕೊಳ್ಳುತ್ತಿದ್ದನೆಂಬುದು ಸಾಕು.

ಗೆದ್ದವನ ಭಾಗ್ಯವನ್ನು ಹೇಳುವಾಗ ಸೋತವಳ ಗತಿಯನ್ನು ಮರೆಯಬಾರದು. ವೀರಮ್ಮಾಜಿಯು ಸೆರೆಯಾಗಿ ಮಧುಗಿರಿಯ ಕೋಟೆಯಲ್ಲಿ ನಾಲ್ಕು ವರ್ಷ ಕಳೆದಳು. 1767ರಲ್ಲಿ ಮರಾಠರು ಆಕೆಯನ್ನು ಬಿಡಿಸಿದರು. ಪುಣೆಗೆ ಹೋಗುವ ದಾರಿಯಲ್ಲಿಯೇ ಆಕೆ ತೀರಿಕೊಂಡಳು. ಎರಡೂವರೆ ಶತಮಾನ ಮಲೆನಾಡನ್ನು ಆಳಿದ ಮನೆತನದ ಕಥೆ ಅಲ್ಲಿಗೆ ಮುಗಿಯಿತು. ಹಕ್ಕುದಾರನಿಗೂ ಪಟ್ಟ ದೊರೆಯಲಿಲ್ಲ. ಅವನಿಗೆ ದೊರೆತದ್ದೂ ಸೆರೆಯೇ. ಮಲೆನಾಡಿನ ಮನಸ್ಸಿನಲ್ಲಿ ಹೈದರನ ವಿಷಯವಾಗಿ ಒಂದು ಕಹಿ ಉಳಿದಿದ್ದರೆ ಅದು ನ್ಯಾಯವೇ ಸರಿ. ಮಲೆನಾಡೂ ಅವನನ್ನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಅವನು ಅಲ್ಲಿಯ ಚಳಿಜ್ವರದಿಂದ ನರಳುತ್ತಿದ್ದಾಗಲೇ ಬಿದನೂರಿನ ಹಳೆಯ ಅಧಿಕಾರಿಗಳು ಅವನ ಕೊಲೆಗೆ ಸಂಚು ಹೂಡಿದ್ದರು. ಸಂಚು ಬಯಲಾಯಿತು, ಮುನ್ನೂರು ಮಂದಿ ನೇಣಿಗೇರಿದರು.

ಹೀಗಿದ್ದರೂ ಬಿದನೂರಿನಲ್ಲಿ ಅವನು ಮಾಡಿದ ಒಂದು ಕೆಲಸ ಅವನ ಸ್ವಭಾವದ ಇನ್ನೊಂದು ಮುಖವನ್ನು ತೋರಿಸುತ್ತದೆ. ತನ್ನದೇ ಆದ ನಾಣ್ಯವನ್ನು ಅವನು ಮೊದಲು ಹೊಡೆಯಿಸಿದ್ದು ಅಲ್ಲಿಯೇ. ಇಕ್ಕೇರಿಯ ವರಹದ ಮೇಲಿದ್ದ ಶಿವಪಾರ್ವತಿಯರನ್ನು ಅವನು ತೆಗೆಸಲಿಲ್ಲ. ಒಂದು ಬದಿಯಲ್ಲಿ ಅವರನ್ನು ಇದ್ದಂತೆಯೇ ಉಳಿಸಿ, ಇನ್ನೊಂದು ಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಹಾಕಿಸಿದನು. ಅವನಿಗೆ ಬರೆಯಲು ಬರುತ್ತಿದ್ದುದು ಆ ಒಂದೇ ಅಕ್ಷರವೆಂಬುದನ್ನು ನೆನೆದರೆ ಆ ಪುಟ್ಟ ಹೊನ್ನಿನ ಬಿಲ್ಲೆಗೆ ಬೇರೊಂದು ಅರ್ಥ ಬರುತ್ತದೆ. ಪ್ರಜೆಗಳು ನಂಬುವುದನ್ನು ಕದಲಿಸದೆ ತನ್ನ ಗುರುತನ್ನು ಅದರ ಬೆನ್ನಿಗೆ ಒತ್ತುವ ಜಾಣ್ಮೆ ಅವನದು. ಇದ್ದುದನ್ನು ಕೆಡವಿ ಹೊಸದನ್ನು ಕಟ್ಟುವವನಲ್ಲ. ಇದ್ದುದನ್ನೇ ತೆಗೆದುಕೊಂಡು ತನ್ನ ಕೆಲಸಕ್ಕೆ ಒಗ್ಗಿಸಿಕೊಳ್ಳುವವನು.

ಬಾಣದ ವಿಷಯದಲ್ಲಿಯೂ ನಡೆದದ್ದು ಇದೇ. ಮೈಸೂರು ಬಾಣವನ್ನು ಹೊಸದಾಗಿ ಕಂಡುಹಿಡಿಯಲಿಲ್ಲ. ಚೀನದಲ್ಲಿ ಅದು ಶತಮಾನಗಳ ಹಿಂದೆಯೇ ಇತ್ತು. ನಮ್ಮ ದೇಶದ ಅನೇಕ ಸೈನ್ಯಗಳಲ್ಲಿಯೂ ಇತ್ತು. ಹೈದರನ ಕಾಲದ ಮೈಸೂರಿನಲ್ಲಿ ಆದ ಬದಲಾವಣೆ ನೋಡಲು ಚಿಕ್ಕದು: ಮದ್ದು ತುಂಬುವ ಒಡಲು ಕಬ್ಬಿಣದ್ದಾಯಿತು. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣಕ್ಕೆ ಬೆಂಕಿ ತಗಲಿದರೆ ಹುಟ್ಟುವ ಅನಿಲವು ಹಿಂಬದಿಯ ಕಿರಿದಾದ ಕಂಡಿಯಿಂದ ಹೊರಕ್ಕೆ ನುಗ್ಗುತ್ತದೆ. ಅದು ಹಿಂದಕ್ಕೆ ನುಗ್ಗಿದಷ್ಟು ರಭಸದಿಂದ ಕೊಳವೆಯು ಮುಂದಕ್ಕೆ ಚಿಮ್ಮುತ್ತದೆ. ಮದ್ದನ್ನು ಗಟ್ಟಿಯಾಗಿ ಒತ್ತಿ ತುಂಬಿದಷ್ಟೂ ಒಳಗಿನ ಒತ್ತಡ ಹೆಚ್ಚು, ಬಾಣದ ಓಟವೂ ಹೆಚ್ಚು. ಆದರೆ ಕಾಗದದ ಅಥವಾ ಬಿದಿರಿನ ಒಡಲು ಆ ಒತ್ತಡವನ್ನು ತಡೆಯಲಾರದೆ ಸೀಳಿಹೋಗುತ್ತದೆ. ಕಮ್ಮಾರನ ಕುಲುಮೆಯಲ್ಲಿ ಕಾಸಿ, ಅಡಿಗಲ್ಲಿನ ಮೇಲೆ ಬಡಿದು ಸುತ್ತಿದ ಮೆದು ಕಬ್ಬಿಣದ ಕೊಳವೆ ಅದನ್ನು ತಡೆಯಿತು. ಉತ್ಸವದ ಬಿರುಸು ಯುದ್ಧದ ಆಯುಧವಾದದ್ದು ಹೀಗೆ.

ಮೈಸೂರಿನ ಇಂಥ ಎರಡು ಬಾಣಗಳು ಇಂಗ್ಲೆಂಡಿನ ವುಲಿಚ್ ಎಂಬಲ್ಲಿಯ ಫಿರಂಗಿ ದಳದ ವಸ್ತುಸಂಗ್ರಹಾಲಯಕ್ಕೆ ಸೇರಿ, ಅವುಗಳ ಅಳತೆಯು ದಾಖಲಾಗಿದೆ. ಒಂದರ ಕೊಳವೆ ಹತ್ತು ಅಂಗುಲ ಉದ್ದ, 2.3 ಅಂಗುಲ ದಪ್ಪ. ಅದನ್ನು ಹಸಿತೊಗಲಿನ ಬಾರಿನಿಂದ ಬಿಗಿದು ಕಟ್ಟಿರುವುದು 3 ಅಡಿ 4 ಅಂಗುಲದ ನೆಟ್ಟನೆಯ ಕತ್ತಿಯೊಂದಕ್ಕೆ! ಇನ್ನೊಂದರ ಕೊಳವೆ 7.8 ಅಂಗುಲ ಉದ್ದ, 1.5 ಅಂಗುಲ ದಪ್ಪ. ಅದರ ಬಾಲವು 6 ಅಡಿ 3 ಅಂಗುಲದ ಬಿದಿರು ಗಳು. ಬಾಣವು ಗಾಳಿಯಲ್ಲಿ ತಿರುತಿರುಗಿ ದಾರಿ ತಪ್ಪದಂತೆ ಸಮತೂಕದಲ್ಲಿ ಹಿಡಿಯಲು ಈ ಬಾಲ ಬೇಕು. ಬಾಲಕ್ಕೆ ಬಿದಿರಿನ ಬದಲು ಕತ್ತಿಯನ್ನೇ ಕಟ್ಟಿದರೆ ಅದು ಸಮತೂಕವನ್ನೂ ಕೊಡುತ್ತದೆ, ಹೋಗಿ ಬಿದ್ದಲ್ಲಿ ಕೊಯ್ಯುತ್ತದೆ ಕೂಡ. ಕೋವಿಮದ್ದಿನ ಕಾಲ ಬಂದ ಮೇಲೆ ಹಿಂದೆ ಬೀಳಬೇಕಾಗಿದ್ದ ಕತ್ತಿಗೆ ಹಾರುವ ಹೊಸ ಹುಟ್ಟು ದೊರೆತಂತಾಯಿತು. ಇದನ್ನು ಮೊದಲು ಯೋಚಿಸಿದ ಕಮ್ಮಾರನ ಹೆಸರು ಚರಿತ್ರೆಗೆ ಗೊತ್ತಿಲ್ಲ.

ಇಂಥ ಬಾಣ ಸಾವಿರ ಗಜಕ್ಕೂ ಮೀರಿ ಹೋಗುತ್ತಿತ್ತು. ಎಷ್ಟು ದಪ್ಪದ ಕೊಳವೆಗೆ, ಎಷ್ಟು ದೂರದ ಗುರಿಗೆ, ಎಷ್ಟು ಓರೆಯಾಗಿ ಹಿಡಿಯಬೇಕೆಂಬ ಲೆಕ್ಕ ಬಾಣಗಾರನಿಗೆ ಅಭ್ಯಾಸದಿಂದ ಬಂದಿರಬೇಕು. ಗುರಿ ತಪ್ಪುವುದು ಅದರ ದೊಡ್ಡ ದೋಷ. ಆದುದರಿಂದ ಒಂದೆರಡಲ್ಲ, ನೂರಾರು ಬಾಣಗಳನ್ನು ಒಟ್ಟಿಗೆ ಬಿಡುತ್ತಿದ್ದರು. ಆದರೆ ಅದರ ಗುಣಗಳೂ ದೊಡ್ಡವು. ಫಿರಂಗಿಗೆ ಗಾಡಿ ಬೇಕು, ಎತ್ತುಗಳು ಬೇಕು, ಗಾಡಿ ಹೋಗುವ ದಾರಿ ಬೇಕು. ಬಾಣವನ್ನಾದರೋ ಒಬ್ಬ ಆಳು ಹೆಗಲ ಮೇಲೆ ಹೊತ್ತು ಘಟ್ಟವನ್ನೂ ಹತ್ತಬಹುದು, ಕಾಡನ್ನೂ ನುಸುಳಬಹುದು, ಕತ್ತಲಲ್ಲಿ ಬಂದು ಬೆಂಕಿಯಿಟ್ಟು ಕತ್ತಲಲ್ಲಿಯೇ ಮರೆಯಾಗಬಹುದು. ಹೈದರನ ಸೈನ್ಯದಲ್ಲಿ ಸುಮಾರು 1,200 ಮಂದಿ ಬಾಣಗಾರರಿದ್ದರೆಂದು ಲೆಕ್ಕ ಹೇಳುತ್ತಾರೆ. ತಂದೆಯ ಐವತ್ತು ಜನರ ತುಕಡಿ ಮಗನ ಕಾಲಕ್ಕೆ ಒಂದು ಪಡೆಯೇ ಆಗಿತ್ತು.

ಇಂಥ ಸೈನ್ಯದೊಡನೆ ಅವನು ಇಂಗ್ಲಿಷರನ್ನು ಎದುರಿಸಿದನು. 1767ರಲ್ಲಿ ಮೊದಲಾದ ಯುದ್ಧದಲ್ಲಿ ಚೆಂಗಮ, ತಿರುವಣ್ಣಾಮಲೆಗಳಲ್ಲಿ ಹಿನ್ನಡೆಯಾದರೂ ಎದೆಗುಂದದೆ, 1769ರಲ್ಲಿ ಶತ್ರುಸೈನ್ಯವನ್ನು ದೂರಕ್ಕೆ ಸೆಳೆದು, ತಾನು ಕುದುರೆಯ ದಳದೊಡನೆ ಮಿಂಚಿನಂತೆ ಮದರಾಸಿನ ಬಾಗಿಲಿಗೆ ಹೋಗಿ ನಿಂತನು. ಕಂಪೆನಿಯವರು ಅವನು ಹೇಳಿದಂತೆ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಮೂರನೆಯವರು ಮೈಮೇಲೆ ಬಿದ್ದರೆ ಪರಸ್ಪರ ನೆರವಾಗಬೇಕೆಂಬುದು ಅದರ ಒಂದು ಕರಾರು. ಎರಡು ವರ್ಷ ಕಳೆಯುವುದರೊಳಗೆ ಮರಾಠರು ಮೇಲುಕೋಟೆಯ ಹತ್ತಿರ ಚಿನಕುರಳಿಯಲ್ಲಿ ಹೈದರನ ಸೈನ್ಯವನ್ನು ಪುಡಿಮಾಡಿದಾಗ ಕಂಪೆನಿಯ ನೆರವು ಬರಲಿಲ್ಲ. ಈ ಮೋಸವನ್ನು ಅವನು ಎಂದೂ ಮರೆಯಲಿಲ್ಲ.

ಅವನು ಅದಕ್ಕೆ ಉತ್ತರ ಕೊಟ್ಟಿದ್ದು 1780ರಲ್ಲಿ. ಆ ವರ್ಷದ ಜುಲೈ ತಿಂಗಳಲ್ಲಿ ದೊಡ್ಡ ಸೈನ್ಯದೊಡನೆ ಘಟ್ಟವಿಳಿದು ಆರ್ಕಾಟಿನ ಸೀಮೆಯನ್ನು ತುಳಿದನು. ಹಳ್ಳಿಗಳು ಉರಿದವು, ಬೆಳೆ ಬೂದಿಯಾಯಿತು, ಬಡವರು ಊರು ಬಿಟ್ಟು ಮದರಾಸಿನ ಕಡೆಗೆ ಓಡಿದರು. ಕಂಪೆನಿಯ ಮೇಲಿನ ಸೇಡಿಗೆ ಬೆಲೆ ತೆತ್ತವರು ಅಲ್ಲಿಯ ಒಕ್ಕಲಿಗರು. ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸುಮಾರು 3,800 ಜನರ ದಳವನ್ನು ಹೈದರನೂ ಟಿಪ್ಪುವೂ ಸುತ್ತುವರಿದರು. ಕಾಳಗದ ನಡುವೆ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದುಹೋದವು. ಮೈಸೂರಿನ ಬಾಣವೇ ಅವಕ್ಕೆ ಬೆಂಕಿಯಿಟ್ಟಿತೆಂದು ಹಲವರೂ, ಫಿರಂಗಿಯ ಗುಂಡೆಂದು ಕೆಲವರೂ ಹೇಳುತ್ತಾರೆ. ಬೈಲಿಯ ದಳ ನಾಶವಾಯಿತು. ಅವನು ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತನು. ಕೆಲವೇ ಮೈಲಿಗಳ ಆಚೆ ಇದ್ದ ಸರ್ ಹೆಕ್ಟರ್ ಮನ್ರೋ ತನ್ನ ದೊಡ್ಡ ಫಿರಂಗಿಗಳನ್ನು ಕಾಂಚಿಯ ಕೆರೆಗೆ ತಳ್ಳಿ ಮದರಾಸಿಗೆ ಹಿಮ್ಮೆಟ್ಟಿದನು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಈ ಕಾಳಗದ ಚಿತ್ರವನ್ನು ಇಂದೂ ಕಾಣಬಹುದು. ಮದ್ದಿನ ಬಂಡಿ ಸಿಡಿಯುವುದನ್ನು ಚಿತ್ರಕಾರನು ಮರೆತಿಲ್ಲ.

ಗೆಲುವು ನಿಲ್ಲಲಿಲ್ಲ. 1781ರ ಜುಲೈ 1ರಂದು ಪೋರ್ಟೋನೋವೋದಲ್ಲಿ ಸರ್ ಐರ್ ಕೂಟ್ ಹೈದರನನ್ನು ಸೋಲಿಸಿದನು. ಯುದ್ಧ ಎಳೆಯುತ್ತ ಹೋಯಿತು. ಇಂಗ್ಲಿಷರ ಸೈನ್ಯವನ್ನು ನೆಲದ ಮೇಲೆ ಎಷ್ಟು ಸಲ ಮುರಿದರೂ ಅವರ ಹಡಗುಗಳು ಹೊಸ ಸೈನ್ಯವನ್ನು ತಂದು ಇಳಿಸುತ್ತಿದ್ದವು. ಆ ಕಡಲಿಗೆ ಹೈದರನ ಬಳಿ ಮದ್ದಿರಲಿಲ್ಲ. ಬಿದನೂರಿನೊಡನೆ ಕರಾವಳಿ ಕೈಗೆ ಬಂದಾಗಿನಿಂದಲೂ ಅವನು ಹಡಗುಗಳನ್ನು ಕಟ್ಟಿಸಲು ಯತ್ನಿಸಿದ್ದನಾದರೂ ಆ ಯತ್ನ ಫಲಿಸಿರಲಿಲ್ಲ. ಬೆನ್ನಿನ ಮೇಲೆದ್ದ ಹುಣ್ಣು ಅವನನ್ನು ಹಣ್ಣುಮಾಡಿತು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಅವನು ಕಣ್ಣು ಮುಚ್ಚಿದನು. ದೂರದಲ್ಲಿದ್ದ ಟಿಪ್ಪು ಬಂದು ಸೇರುವವರೆಗೆ ಮಂತ್ರಿಗಳು ಸಾವಿನ ಸುದ್ದಿಯನ್ನು ಮುಚ್ಚಿಟ್ಟರು. ದೇಹವನ್ನು ಮೊದಲು ಕೋಲಾರಕ್ಕೆ, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಒಯ್ದು, ಇಂದು ಗುಂಬಜ್ ಇರುವಲ್ಲಿ ಮಣ್ಣುಮಾಡಿದರು.

ಅವನು ಸತ್ತ ಮರು ತಿಂಗಳೇ ಮಲೆನಾಡಿನ ನಗರವು ಮತ್ತೊಮ್ಮೆ ಚರಿತ್ರೆಯ ನಡುಮನೆಗೆ ಬಂದಿತು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಘಟ್ಟವೇರಿ ಬಂದಾಗ, ಹೈದರನು ಮಗನಂತೆ ಸಾಕಿ ಅಧಿಕಾರಕ್ಕೆ ತಂದಿದ್ದ ಆಯಾಜನು ಊರನ್ನು ಅವನಿಗೆ ಒಪ್ಪಿಸಿದನು. ಏಪ್ರಿಲಿನಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದನು. ಟಿಪ್ಪುವಿನ ಕಾಲದಲ್ಲಿ ಬಾಣಗಾರರ ಸಂಖ್ಯೆ ಸುಮಾರು 5,000ಕ್ಕೆ ಏರಿತು. ಅವನು ಬರೆಸಿದ ಸೈನ್ಯಶಾಸ್ತ್ರದ ಗ್ರಂಥದಲ್ಲಿ ಬಾಣಗಾರರ ಪಡೆಗೆ ಸ್ಥಾನ ದೊರೆಯಿತು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನ್‌ಪೇಟೆ ತೋಪಿನಲ್ಲಿ ಬಾಣ ಮತ್ತು ಕೋವಿಗಳ ಸುರಿಮಳೆಗೆ ಸಿಕ್ಕಿ ದಿಕ್ಕು ತಪ್ಪಿ ಹಿಂದಿರುಗಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದ ವೆಲಿಂಗ್ಟನ್. ಒಂದು ತಿಂಗಳೊಳಗೆ, ಮೇ 4ರಂದು, ಕೋಟೆ ಬಿದ್ದಿತು, ಟಿಪ್ಪು ಮಡಿದನು. ಗೆದ್ದವರ ಕೈಗೆ 600 ಬಾಣದ ಚೌಕಟ್ಟುಗಳೂ, ಹಾರಿಸಲು ಸಿದ್ಧವಾಗಿದ್ದ 700 ಬಾಣಗಳೂ, ಮದ್ದು ತುಂಬದ 9,000 ಕೊಳವೆಗಳೂ ಸಿಕ್ಕವು.

ಇಲ್ಲಿಂದ ಮುಂದಿನ ಕಥೆಯಲ್ಲಿ ನಮ್ಮ ಕುಲುಮೆಗಳಿಗೆ ಪಾತ್ರವಿಲ್ಲ. ಮೈಸೂರಿನ ಬಾಣಗಳು ಇಂಗ್ಲೆಂಡಿಗೆ ಹೋದವು. ವುಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಎಂಬವನು 1804ರ ಸುಮಾರಿಗೆ ಪ್ರಯೋಗಗಳನ್ನು ಆರಂಭಿಸಿದನು. ಅವನು ಮದ್ದನ್ನು ತೂಗಿದನು, ಕೊಳವೆಯನ್ನು ಅಳೆದನು, ಹಾರಿದ ದೂರವನ್ನು ಬರೆದಿಟ್ಟನು, ಬರೆದುದನ್ನು ಅಚ್ಚುಹಾಕಿಸಿದನು. 1806ರಲ್ಲಿ ಫ್ರಾನ್ಸಿನ ಬುಲೋನ್ ಬಂದರಿನ ಮೇಲೆ, 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಅವನ ರಾಕೆಟ್ಟುಗಳು ಸುರಿದವು. 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಹಾರಿದ ರಾಕೆಟ್ಟುಗಳ ಕೆಂಪು ಬೆಳಕು ಅಮೆರಿಕದ ರಾಷ್ಟ್ರಗೀತೆಯಲ್ಲಿಯೇ ಸೇರಿಹೋಗಿದೆ. ಈ ವಂಶಾವಳಿಯನ್ನು ವಿಜ್ಞಾನಿಯ ಕಣ್ಣಿನಿಂದ ಪರಿಶೀಲಿಸಿ 1985ರಲ್ಲಿ ಬೆಂಗಳೂರಿನಲ್ಲಿ ಪ್ರಬಂಧ ಬರೆದವರು ರೊದ್ದಂ ನರಸಿಂಹ. ಮೈಸೂರಿನ ಮೇಲುಗೈ ಕಬ್ಬಿಣದ ಕೊಳವೆಯಲ್ಲಿತ್ತೆಂಬುದನ್ನು ಅವರು ಸ್ಪಷ್ಟಪಡಿಸಿದರು. ಅಬ್ದುಲ್ ಕಲಾಮರು ಅಮೆರಿಕದ ವಾಲಪ್ಸ್ ದ್ವೀಪದ ರಾಕೆಟ್ ಕೇಂದ್ರಕ್ಕೆ ಹೋಗಿದ್ದಾಗ ಅಲ್ಲಿಯ ಗೋಡೆಯ ಮೇಲೆ ಕಂಡದ್ದು ಟಿಪ್ಪುವಿನ ಬಾಣಗಾರರ ಚಿತ್ರವನ್ನು. ತವರಿನಲ್ಲಿ ಮರೆತದ್ದನ್ನು ಹೊರಗಿನವರು ನೆನಪಿಟ್ಟಿದ್ದರು.

ಹೈದರನ ಬಾಳನ್ನು ಒಟ್ಟಾಗಿ ನೋಡಿದಾಗ ಏನೆಂದು ಹೇಳಬೇಕು? ಅವನು ಕ್ರೂರನಾಗಿದ್ದನು, ಉದಾರನಾಗಿಯೂ ಇದ್ದನು. ಆಶ್ರಯ ಕೊಟ್ಟ ಮನೆಯ ಅಧಿಕಾರವನ್ನು ಕಸಿದನು, ಆ ಮನೆಯ ರಾಜ್ಯವನ್ನು ಹಿಂದೆಂದೂ ಇಲ್ಲದಷ್ಟು ಹಿಗ್ಗಿಸಿದನು. ಕೆಳದಿಯ ದೀಪವನ್ನು ಆರಿಸಿದವನೂ ಅವನೇ, ಕೆಳದಿಯ ದೇವರನ್ನು ತನ್ನ ನಾಣ್ಯದಲ್ಲಿ ಉಳಿಸಿದವನೂ ಅವನೇ. ಇವೆಲ್ಲವೂ ನಿಜ, ಒಂದರಿಂದ ಇನ್ನೊಂದು ಅಳಿಸಿಹೋಗುವುದಿಲ್ಲ. ಆದರೆ ಅವನ ಕಾಲದ ಬೇರೆ ಸರದಾರರಲ್ಲಿ ಕಾಣದ ಒಂದು ಗುಣ ಅವನಲ್ಲಿತ್ತು. ಕಮ್ಮಾರನ ಕೈಯಲ್ಲಿ ಏನಿದೆಯೆಂಬುದನ್ನು ಅವನು ಬಲ್ಲವನಾಗಿದ್ದನು. ಬಾಣಗಾರನ ಮಗನಿಗೆ ಬಾಣವು ಆಟದ ವಸ್ತುವಾಗಿ ಕಾಣಲಿಲ್ಲ.

ಅವನ ಬಲದಲ್ಲಿಯೇ ಅವನ ಕೊರತೆಯೂ ಇತ್ತು. ಅಕ್ಷರವಿಲ್ಲದ ದೊರೆಯ ರಾಜ್ಯದಲ್ಲಿ ಬಾಣದ ವಿದ್ಯೆಯು ಕೈಯಿಂದ ಕೈಗೆ, ಕಣ್ಣಿನಿಂದ ಕಣ್ಣಿಗೆ ದಾಟುತ್ತ ಬಂದಿತು. ಕಬ್ಬಿಣವನ್ನು ಎಷ್ಟು ಹೊತ್ತು ಕಾಸಬೇಕು, ಮದ್ದನ್ನು ಎಷ್ಟು ಒತ್ತಬೇಕು, ಕಂಡಿಯನ್ನು ಎಷ್ಟು ಅಗಲ ಕೊರೆಯಬೇಕು ಎಂಬುದು ಬಲ್ಲವನ ಬೆರಳಿನಲ್ಲಿತ್ತು. ರಾಜ್ಯ ಬಿದ್ದಾಗ ಕುಲುಮೆಗಳು ಆರಿದವು. ಬೆರಳುಗಳು ನೇಗಿಲನ್ನೋ ಕುಡುಗೋಲನ್ನೋ ಹಿಡಿದಿರಬೇಕು. ವುಲಿಚ್‌ನವನು ಬರೆದಿಟ್ಟನು, ಆದುದರಿಂದ ರಾಕೆಟ್ಟಿಗೆ ಅವನ ಹೆಸರು ಬಂದಿತು. ನಮ್ಮವರು ಮಾಡಿದರು, ಬರೆಯಲಿಲ್ಲ. ಇಂದಿಗೂ ನಮ್ಮ ಊರುಗಳಲ್ಲಿ ಕಮ್ಮಾರನ, ಬಡಗಿಯ, ಕಂಚುಗಾರನ ಕೈಯಲ್ಲಿ ಬರಹಕ್ಕೆ ಇಳಿಯದ ವಿದ್ಯೆ ಎಷ್ಟೋ ಇದೆ. ಶಾಲೆಯ ಹುಡುಗನು ಅದನ್ನು ವಿದ್ಯೆಯೆಂದು ಎಣಿಸುವುದಿಲ್ಲ, ಕುಲುಮೆಯ ಮುದುಕನು ಅದನ್ನು ಹೇಳಬೇಕೆಂದು ತಿಳಿದಿಲ್ಲ. ಅವರಿಬ್ಬರನ್ನು ಎದುರುಬದುರು ಕೂರಿಸುವ ಕೆಲಸ ಉಪಾಧ್ಯಾಯರದು. ಹೈದರನು ಆ ಕೈಗಳನ್ನು ಗುರುತಿಸಿದನು. ಅವುಗಳ ಮಾತನ್ನು ಬರೆದಿಡುವವನೊಬ್ಬನನ್ನು ಪಕ್ಕದಲ್ಲಿ ಕೂರಿಸಿದ್ದರೆ, ಆ ಸಾವಿರ ಕೊಳವೆಗಳು ಇನ್ನೂರು ವರ್ಷ ಹೆಸರಿಲ್ಲದೆ ಮಣ್ಣಿನಲ್ಲಿ ಮಲಗಬೇಕಾಗಿರಲಿಲ್ಲ.